ಒಂದು ಗೇಣು ಬಾಗಿದ ಗೋಡೆ

ಮಿರ್ದಿಫ್‌ನಲ್ಲಿ ನಾವೀಗಿರುವ ಮನೆಯ ಹಿಂದಿನ ಬೀದಿಯಲ್ಲಿ ವಯಸ್ಸಾದ ಅರಬರೊಬ್ಬರು ತಮ್ಮ ಹಳೆಯ ವಿಲ್ಲಾದ ಮಜ್ಲಿಸ್ ಕೋಣೆಯನ್ನು ರಿಪೇರಿ ಮಾಡಿಸುತ್ತಿದ್ದಾರೆ. ಅತಿಥಿಗಳನ್ನು ಕೂರಿಸುವ ಆ ಕೋಣೆಗೆ ಸಿಮೆಂಟ್ ಬೇಡ, ಅಪ್ಪನ ಕಾಲದ ಹಾಗೆ ಸುಣ್ಣದ ಗಾರೆಯೇ ಆಗಬೇಕೆಂದು ಅವರ ಹಟವಂತೆ. ಮೊನ್ನೆ ತರಕಾರಿ ಚೀಲ ಹಿಡಿದು ಆ ದಾರಿಯಲ್ಲಿ ಬರುತ್ತಿದ್ದಾಗ ಹಸಿ ಸುಣ್ಣದ ವಾಸನೆ ಬಂತು. ಕಾಲು ಮುಂದೆ ಹೋಗಲಿಲ್ಲ. ಆ ವಾಸನೆಯೊಳಗೆ ನಾನು ಒಂದು ಇಡೀ ಚಳಿಗಾಲ ಕಳೆದಿದ್ದೇನೆ, ಸಮುದ್ರದ ನಡುವಿನ ಒಂದು ದ್ವೀಪದಲ್ಲಿ, ಸಾವಿರ ವರ್ಷಕ್ಕೂ ಹಿಂದೆ ಸನ್ಯಾಸಿಗಳು ಬಿಟ್ಟುಹೋದ ಮಠವೊಂದರ ಗೋಡೆಗಳ ಪಕ್ಕ ಮಂಡಿಯೂರಿ.

ಆಗ ನಾವು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದೆವು. ಗಂಡ ಆಲ್ವಿನ್ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ, ನಾನು ಕಟ್ಟಡಗಳ ನಕ್ಷೆ ಬರೆಯುವ ಸಣ್ಣ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಹೆಂಗಸಾದರೂ ವೀಸಾದಲ್ಲಿ ಡ್ರಾಫ್ಟ್ಸ್‌ಮನ್ ಎಂದೇ ಇತ್ತು. ಐದು ವರ್ಷದಿಂದ ಬರೆದದ್ದೆಲ್ಲ ವಿಲ್ಲಾಗಳ ಅಡುಗೆಮನೆ, ಬಚ್ಚಲುಮನೆ, ಕಾರು ನಿಲ್ಲಿಸುವ ಜಾಗ. ಆ ವರ್ಷ ನಮ್ಮ ಕಂಪನಿಗೆ ಪಶ್ಚಿಮ ವಲಯದ ದ್ವೀಪವೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹಳೆಯ ಕ್ರೈಸ್ತ ಮಠವೊಂದರ ಪಾಳು ಇದೆ, ಬಿಸಿಲು ಗಾಳಿಯಿಂದ ಕಾಪಾಡಲು ಮೇಲೊಂದು ಮಾಡು ನಿಲ್ಲಿಸಬೇಕು, ಅದಕ್ಕೆ ಮೊದಲು ಗೋಡೆಗಳನ್ನೆಲ್ಲ ಅಳತೆ ಮಾಡಿ ನಕ್ಷೆ ತಯಾರಿಸಬೇಕು. ನವೆಂಬರಿನಿಂದ ಮಾರ್ಚ್ ತನಕ, ಭಾನುವಾರ ಹೋಗಿ ಗುರುವಾರ ವಾಪಸ್. ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ನಾನು ಒಪ್ಪಿದೆ. ಮಾರ್ಚ್‌ನಲ್ಲೇ ನನ್ನ ವೀಸಾ ನವೀಕರಣವಾಗಬೇಕಿತ್ತು ಎನ್ನುವುದು ಒಂದು ಕಾರಣ. ಬಚ್ಚಲುಮನೆಗಳು ಸಾಕಾಗಿದ್ದವು ಎನ್ನುವುದು ಇನ್ನೊಂದು.

ನಾಲ್ಕು ವರ್ಷದ ಮಗಳು ರಿಯಾಳನ್ನು ಪಕ್ಕದ ಫ್ಲಾಟಿನ ಪ್ರೆಸಿಲ್ಲಾ ಆಂಟಿ ನೋಡಿಕೊಳ್ಳುತ್ತಿದ್ದರು. ಮೊದಲ ಭಾನುವಾರ ಅವಳು ನನ್ನ ಬ್ಯಾಗನ್ನೇ ನೋಡುತ್ತ, "ಮಮ್ಮಾ, ಆರ್ ಯು ಕಮಿಂಗ್ ಬ್ಯಾಕ್?" ಎಂದಳು. ನಾನು ಕೊಂಕಣಿಯಲ್ಲಿ ಗುರುವಾರ ಬರ್ತೇನೆ ಎಂದೆ. ಅವಳು ಬೆರಳು ಎಣಿಸುತ್ತ ಒಳಗೆ ಹೋದಳು.

ಮದೀನತ್ ಜಾಯೆದ್ ಕಡೆಯ ದಾರಿ ಹಿಡಿದು ಮರಳಿನ ನಡುವೆ ಗಂಟೆಗಟ್ಟಲೆ ಹೋಗಿ, ಕಡಲ ಬದಿಯ ಕಟ್ಟೆಯಿಂದ ದೋಣಿ ಹತ್ತಬೇಕು. ದ್ವೀಪದಲ್ಲಿ ಜಿಂಕೆಗಳು ನಮ್ಮೂರ ದನಗಳ ಹಾಗೆ ರಸ್ತೆಯಲ್ಲೇ ನಿಂತಿರುತ್ತಿದ್ದವು. ಹಳೆಯ ಮಠ ಅಂದರೆ ನನ್ನ ಕಣ್ಣಿಗೆ ಬಂದಿದ್ದು ನಮ್ಮ ಉಡುಪಿ ಕಡೆಯ ಇಗರ್ಜಿಗಳು: ಎತ್ತರದ ಮುಖಮಂಟಪ, ಗಂಟೆಗೋಪುರ, ಕೆಂಪು ಹಂಚು. ಬೇಲಿಯೊಳಗೆ ಹೋಗಿ ನೋಡಿದರೆ ಸೊಂಟದೆತ್ತರ ದಾಟದ ಕಲ್ಲಿನ ಗೋಡೆಗಳು. ಕೆಲವು ಕಡೆ ಮೊಣಕಾಲಿನಷ್ಟೂ ಇಲ್ಲ.

"ಇಷ್ಟೆಯಾ?" ಎಂದು ಕನ್ನಡದಲ್ಲೇ ನನ್ನ ಬಾಯಿಂದ ಬಂತು.

"ಇಷ್ಟೇ ತಂಗಿ," ಎಂದು ಹಿಂದಿನಿಂದ ಯಾರೋ ಕನ್ನಡದಲ್ಲೇ ಹೇಳಿದರು. "ಆದ್ರೆ ಒಂದು ವಾರ ಕಳೀಲಿ, ಇಷ್ಟೆ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ನಿಮ್ಗೆ."

ಇಸ್ಮಾಯಿಲ್ ಭಾಯ್, ಅಲ್ಲಿಯ ಫೋರ್‌ಮನ್. ಭಟ್ಕಳದವರು. ಮನೆಮಂದಿಯೆಲ್ಲ ಬಟ್ಟೆ ವ್ಯಾಪಾರದಲ್ಲಿದ್ದರೆ ಇವರೊಬ್ಬರು ಕಲ್ಲು, ಗಾರೆ ಎಂದು ತಿರುಗಿದವರು. ಅರವತ್ತರ ಹತ್ತಿರದ ವಯಸ್ಸು. ತಲೆಗೆ ಸುತ್ತಿದ ಬಿಳಿ ಬಟ್ಟೆ ಸಂಜೆಯವರೆಗೂ ಬಿಳಿಯಾಗಿಯೇ ಇರುತ್ತಿದ್ದುದು ಹೇಗೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನನಗೆ ಕೆಲಸ ಕಲಿಸಿದವರು ನೋರಾ. ಹಳೆಯ ಕಟ್ಟಡಗಳನ್ನು ಉಳಿಸುವುದೇ ಅವರ ಕಸುಬು. ಐರ್ಲೆಂಡಿನವರು, ನೆರೆತ ಕೂದಲು, ಕುಳ್ಳಗೆ, ಗಂಡಸರ ಬೂಟು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷ್ ಅರ್ಥವಾಗಲು ನನಗೆ ಮೂರು ದಿನ ಬೇಕಾಯಿತು. ಮೊದಲ ದಿನ ನನ್ನ ಕೈಯಿಂದ ಲ್ಯಾಪ್‌ಟಾಪ್ ತೆಗೆದಿಟ್ಟು, ಒಂದು ಟೇಪು, ಒಂದು ತೂಗುಗುಂಡು, ಒಂದು ಪೆನ್ಸಿಲ್ ಕೊಟ್ಟರು. "ಮಂಡಿಯೂರು," ಎಂದರು. "ನಿಂತು ನೋಡಿದರೆ ಇದು ಕಲ್ಲಿನ ರಾಶಿ. ಕೂತು ನೋಡು."

ಕೂತೆ. ನಿಧಾನಕ್ಕೆ ಕಟ್ಟಡ ಎದ್ದು ಬಂತು. ಪಶ್ಚಿಮದಲ್ಲಿ ಬಾಗಿಲು, ನಡುವೆ ಜನ ನಿಲ್ಲುವ ಉದ್ದನೆಯ ಭಾಗ, ಅದರ ಎರಡು ಬದಿಗೂ ಕಿರಿದಾದ ಸಾಲು, ಪೂರ್ವದ ತುದಿಯಲ್ಲಿ ಒಂದು ಮೆಟ್ಟಿಲಷ್ಟು ಎತ್ತರಿಸಿದ ಬಲಿಪೀಠದ ಜಾಗ. ಊರಿನ ನಮ್ಮ ಇಗರ್ಜಿಯದೂ ಇದೇ ರಚನೆ. ಅಲ್ಲಿ ನಾನು ದೀಕ್ಷಾಸ್ನಾನ ಪಡೆದದ್ದು, ಮದುವೆಯಾದದ್ದು ಇಂಥದೇ ನೆಲದಲ್ಲಿ ಎಂದು ಹೊಳೆಯಿತು. ಚರ್ಚಿನ ಸುತ್ತ ಸನ್ಯಾಸಿಗಳ ಕೋಣೆಗಳು, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಮಾತ್ರ. ಗೋಡೆ ದ್ವೀಪದ್ದೇ ಕಲ್ಲು ಮತ್ತು ಸಮುದ್ರದಿಂದ ತಂದ ಹವಳದ ಕಲ್ಲು. ಅದರ ಮೇಲೆ ಸುಣ್ಣದ ಗಾರೆ. ಗಾರೆಯ ಚೂರುಗಳಲ್ಲಿ ದ್ರಾಕ್ಷಿ ಬಳ್ಳಿ, ಹೂವು, ಶಿಲುಬೆ. ಹುಲ್ಲು ಬೆಳೆಯುವುದೂ ಕಷ್ಟವಾದ ಮಣ್ಣಿನಲ್ಲಿ ಕೂತು ಒಬ್ಬ ಮನುಷ್ಯ ದ್ರಾಕ್ಷಿ ಗೊಂಚಲು ಕೆತ್ತಿದ್ದ, ಒಂದೊಂದು ಹಣ್ಣಿಗೂ ಬೇರೆ ಬೇರೆ ದುಂಡು ಕೊಟ್ಟು.

ಅವರು ಇರಾಕ್ ಕಡೆಯಿಂದ ಬಂದ ಪೂರ್ವದ ಸಭೆ ಎನ್ನುವ ಕ್ರೈಸ್ತ ಪಂಗಡದವರು ಎಂದು ನೋರಾ ಹೇಳಿದರು. ಈ ಕೊಲ್ಲಿಯ ದಾರಿಯಲ್ಲಿ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಹೋಗುತ್ತಿದ್ದ ಕಾಲ ಅದು. ಇಸ್ಲಾಂ ಬಂದ ಮೇಲೂ ಸುಮಾರು ನೂರು ವರ್ಷ ಮಠ ನಡೆದಿತ್ತು. ಆಮೇಲೆ ಜನ ಕಡಿಮೆಯಾದರು, ಹೋದರು. ಸುಟ್ಟ ಗುರುತಿಲ್ಲ, ಒಡೆದ ಗುರುತಿಲ್ಲ.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಇಸ್ಮಾಯಿಲ್ ಭಾಯ್ ಕೈಯ ಮರಳು ಕೊಡವಿಕೊಂಡರು. "ಅಂದ್ರೆ ಯಾರೂ ಓಡ್ಸಿದ್ದಲ್ಲ," ಎಂದರು. "ಸುತ್ತ ಅಜಾನ್ ಕೇಳ್ತಾ ಇತ್ತು, ಇಲ್ಲಿ ಇವ್ರ ಪ್ರಾರ್ಥನೆ. ಅದು ಒಳ್ಳೇದಾಯ್ತು." ಮತ್ತೆ ಎದ್ದು ಹೋಗಿ ಮರಳು ತುಂಬಿದ ಚೀಲಗಳನ್ನು ಸರಿಮಾಡತೊಡಗಿದರು.

ಸಂಜೆ ನಾಲ್ಕರ ಚಹಾದ ಹೊತ್ತಿಗೆ ನೋರಾ ತಮ್ಮ ಊರಿನ ಮಠದ ಕತೆ ತೆಗೆಯುತ್ತಿದ್ದರು. ಅದೂ ಪಾಳು, ಆದರೆ ಇದರ ಹಾಗೆ ಮರಳಲ್ಲಿ ಮುಳುಗಿದ್ದಲ್ಲ. ಹೊಳೆಯ ದಂಡೆಯಲ್ಲಿ ಹಸಿರು ಹುಲ್ಲಿನ ನಡುವೆ ನಿಂತ ಬೂದು ಕಲ್ಲು. ಅಲ್ಲಿ ತೆಂಗಿನ ಮರಕ್ಕಿಂತ ಎತ್ತರದ ದುಂಡನೆಯ ಗೋಪುರವಿದೆ, ಅದರ ಬಾಗಿಲು ನೆಲದಲ್ಲಿಲ್ಲ, ಎರಡಾಳೆತ್ತರದಲ್ಲಿದೆ. ಹಡಗಿನಲ್ಲಿ ದರೋಡೆಗೆ ಬರುವವರಿಗೆ ಹೆದರಿ ಹಾಗೆ ಕಟ್ಟಿದರು ಎನ್ನುತ್ತಾರೆ. ಬುಡದಲ್ಲಿ ರಂಧ್ರ ಮಾಡಿದರೆ ಗೋಪುರವೇ ದುರ್ಬಲವಾಗುತ್ತದೆಂದು ಮೇಸ್ತ್ರಿಗೆ ಗೊತ್ತಿತ್ತು ಎನ್ನುವುದು ನೋರಾ ಅವರ ವಾದ. ಪಕ್ಕದಲ್ಲಿ ಮಾಡಿಲ್ಲದ ಚರ್ಚು. ಯಾವನೋ ರಾಜ ಮಠಗಳನ್ನೆಲ್ಲ ಮುಚ್ಚಿಸಿದಾಗ ಮಾಡಿಗೆ ಹೊದೆಸಿದ್ದ ಸೀಸದ ತಗಡನ್ನು ಕಿತ್ತು ಮಾರಿದರಂತೆ, ಆಮೇಲೆ ಮಳೆ ತನ್ನ ಕೆಲಸ ಮಾಡಿತು. ನೋರಾ ಅವರ ಅಪ್ಪ ಅಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕಿದ್ದರು. ಬೀಗದ ಕೈ ಅವರ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಆ ಚರ್ಚಿನ ಬಲಿಪೀಠದ ಭಾಗ ನೇರ ಇಲ್ಲ, ಎಡಕ್ಕೆ ಸ್ವಲ್ಪ ವಾಲಿದೆ," ಎಂದರು ಒಂದು ದಿನ. "ಶಿಲುಬೆಯ ಮೇಲೆ ಯೇಸುವಿನ ತಲೆ ವಾಲಿದ ಹಾಗೆ ಎಂದು ನಮ್ಮ ಪಾದ್ರಿ ಹೇಳುತ್ತಿದ್ದರು. ಹುಲ್ಲು ಕತ್ತರಿಸುತ್ತ ಅಪ್ಪ ಬೇರೆಯದೇ ಕಂಡಿದ್ದ. ವಾಲಿದ ಕಡೆಯಿಂದ ಕಲ್ಲಿನ ಬಣ್ಣ ಬದಲಾಗಿದೆ. ಅಲ್ಲಿಗೆ ಒಮ್ಮೆ ಕೆಲಸ ನಿಂತಿತ್ತು. ಬಹುಶಃ ಕಟ್ಟಿಸುವವರು ಸತ್ತರು, ಅಥವಾ ರೋಗ ಬಂತು. ಎಷ್ಟೋ ವರ್ಷದ ಮೇಲೆ ಇನ್ಯಾರೋ ಬಂದು ಮುಂದುವರಿಸಿದರು, ಗೆರೆ ತಪ್ಪಿತು. ಅಪ್ಪ ಓದಿದ್ದು ಕಡಿಮೆ. ಗೋಡೆ ಓದುವುದನ್ನು ಮಾತ್ರ ಅವನಷ್ಟು ಚೆನ್ನಾಗಿ ನಾನು ಇನ್ನೂ ಕಲಿತಿಲ್ಲ."

ಇಷ್ಟು ಕೇಳಿದ ಮೇಲೂ ನಾನು ಆ ತಪ್ಪು ಮಾಡಿದೆ.

ಡಿಸೆಂಬರ್ ಕೊನೆಗೆ ನೋರಾ ಕ್ರಿಸ್ಮಸ್ಸಿಗೆಂದು ಊರಿಗೆ ಹೋದರು. ಚರ್ಚಿನ ಉತ್ತರದ ಗೋಡೆಯನ್ನು ಅಳೆಯುವುದು ನನಗೇ ಬಿಟ್ಟದ್ದಾಗಿತ್ತು. ಇಸ್ಮಾಯಿಲ್ ಭಾಯ್ ಟೇಪಿನ ಇನ್ನೊಂದು ತುದಿ ಹಿಡಿದರು, ನಾನು ಬರೆದುಕೊಂಡೆ. ಅಬುಧಾಬಿ ಆಫೀಸಿಗೆ ಬಂದು ಕಂಪ್ಯೂಟರಿನಲ್ಲಿ ಗೆರೆ ಎಳೆದರೆ, ಮುಕ್ಕಾಲು ಗೋಡೆ ನೇರ ಹೋಗಿ, ಪೂರ್ವದ ತುದಿಯಲ್ಲಿ ಒಳಕ್ಕೆ ಇಪ್ಪತ್ತು ಸೆಂಟಿಮೀಟರ್ ಬಾಗುತ್ತಿತ್ತು. ಒಂದು ಗೇಣಿಗೆ ಸ್ವಲ್ಪ ಕಡಿಮೆ. ಮ್ಯಾನೇಜರ್ ಬೆನ್ನ ಹಿಂದೆ ನಿಂತು ದಿನಕ್ಕೆ ಮೂರು ಸಲ, "ಯಲ್ಲಾ ಲವೀನಾ, ಬೇಗ, ಇವತ್ತು ಖಲಾಸ್ ಮಾಡಿ ಕಳಿಸಿಬಿಡು," ಎನ್ನುತ್ತಿದ್ದರು. ಐದು ವರ್ಷ ವಿಲ್ಲಾ ಬರೆದವಳು ನಾನು. ಗೋಡೆ ಎಂದರೆ ನೇರವಿರಬೇಕು, ಅಳತೆ ಎಲ್ಲೋ ಜಾರಿರಬೇಕು ಎಂದುಕೊಂಡೆ. ದ್ವೀಪಕ್ಕೆ ಫೋನ್ ಮಾಡಿ ಇನ್ನೊಮ್ಮೆ ಟೇಪು ಹಿಡಿಯಿರಿ ಎನ್ನಬಹುದಿತ್ತು. ಮಾಡಲಿಲ್ಲ. ಒಂದು ಕೀಲಿ ಒತ್ತಿದೆ, ಗೆರೆ ನೇರವಾಯಿತು. ನಕ್ಷೆ ಹೋಯಿತು. ಅದರ ಪ್ರಕಾರ ಮಾಡಿನ ಕಬ್ಬಿಣದ ತೊಲೆಗಳನ್ನು ಕತ್ತರಿಸಲು ಕೊಟ್ಟದ್ದೂ ಆಯಿತು.

ಫೆಬ್ರವರಿಯ ಒಂದು ಸೋಮವಾರ ಕಂಬಗಳಿಗೆ ಗುಂಡಿ ತೋಡುವ ಸಣ್ಣ ಯಂತ್ರ ದೋಣಿಯಲ್ಲಿ ಬಂತು. ಎರಡೇ ದಿನಕ್ಕೆಂದು ತಂದದ್ದು. ಇಸ್ಮಾಯಿಲ್ ಭಾಯ್ ನನ್ನ ನಕ್ಷೆ ನೋಡಿ ಗೂಟ ನೆಟ್ಟು ಹಗ್ಗ ಕಟ್ಟಿದರು. ಆಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎರಡು ಸಲ ನಡೆದರು. ನನ್ನನ್ನು ಕೈಸನ್ನೆ ಮಾಡಿ ಕರೆದರು.

"ತಂಗಿ, ಆ ತುದಿಲಿ ಹಗ್ಗಕ್ಕೂ ಗೋಡೆಗೂ ಮುಕ್ಕಾಲು ಮೀಟರ್ ಉಂಟು. ಈ ತುದಿಲಿ ಒಂದು ಗೇಣು ಜಾಸ್ತಿ. ನಿಮ್ಮ ಕಾಗದ ಸರಿಯಾ, ಗೋಡೆ ಸರಿಯಾ?"

ನನಗೆ ಉತ್ತರ ಗೊತ್ತಿತ್ತು. "ನೋಡ್ತೇನೆ ಭಾಯ್" ಎಂದು ಹೇಳಿ ಬೇಲಿಯಾಚೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿದೆ.

ಅವರು ಬಯ್ಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಶಾಂತವಾಗಿ ಹೇಳಿದರು: "ಟೇಪ್ ಹಿಡಿದವರು ಯಾರು? ಸೈಟಿನ ಫೋರ್‌ಮನ್ ತಾನೆ? ಟೇಪ್ ಸಡಿಲ ಹಿಡಿದರು ಎಂದು ಬರೆದು ಕಳಿಸು. ನಮ್ಮ ಕಡೆಯ ತಪ್ಪು ಅಂತಾದರೆ ತೊಲೆಗಳ ಖರ್ಚು ನಮ್ಮ ತಲೆ ಮೇಲೆ. ನಿನ್ನ ಪೇಪರ್ಸ್ ಮುಂದಿನ ತಿಂಗಳು ನನ್ನ ಟೇಬಲ್ಲಿಗೇ ಬರುವುದು, ನೆನಪಿರಲಿ."

ಬೇಲಿಯಾಚೆಯಿಂದ ನೋಡಿದೆ. ಇಸ್ಮಾಯಿಲ್ ಭಾಯ್ ಯಂತ್ರದವನಿಗೆ ನಿಲ್ಲು ಎಂದು ಹೇಳಿ, ತಾವು ಗೋಡೆಯ ಪಕ್ಕ ಕೂತು, ಉದುರಲು ಬಂದ ಗಾರೆಯ ಅಂಚಿಗೆ ಹಸಿ ಸುಣ್ಣ ಒತ್ತುತ್ತಿದ್ದರು, ಮಗುವಿನ ಗಾಯಕ್ಕೆ ಮದ್ದು ಹಚ್ಚುವ ಹಾಗೆ. ಅವರ ಮೇಲೆ ಒಂದು ಸಾಲು ಬರೆದರೆ ಸಾಕಿತ್ತು. ಅವರ ಮಾತನ್ನು ಯಾರು ಕೇಳುತ್ತಿದ್ದರು? ಆ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಿದ್ದರು?

ಆಲ್ವಿನ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವನು, "ನಿನ್ನ ವೀಸಾ ಹೋದ್ರೆ ನನ್ನದರ ಮೇಲೆ ಹಾಕುವ. ರಿಯಾಳ ಸ್ಕೂಲ್ ಫೀಸು ಹೇಗಾದ್ರೂ ಆಗ್ತದೆ," ಎಂದ. ಫೋನಿಡುವ ಮೊದಲು, "ಆ ಮನುಷ್ಯನ ಹೆಸರು ಬರೀಬೇಡ ಲವೀನಾ" ಎಂದ.

ಊರಿನಿಂದ ಮರಳಿದ್ದ ನೋರಾ ಆಗ ಸನ್ಯಾಸಿಗಳ ಕೋಣೆಗಳ ಕಡೆ ಕೆಲಸ ಮಾಡುತ್ತಿದ್ದರು. ನಾನು ಹೋಗಿ ಎದುರು ನಿಂತು, ಗೋಡೆಯನ್ನು ನೇರ ಮಾಡಿದ್ದು ನಾನು, ಅಳತೆ ಸರಿಯೇ ಇತ್ತು, ಎಂದೆ. ಅವರ ಮುಖ ಕೆಂಪಾಯಿತು. ಕೈಯಲ್ಲಿದ್ದ ಬ್ರಶ್ಶನ್ನು ಕೆಳಗಿಟ್ಟರು.

"ತೊಲೆ ಮತ್ತೆ ಕತ್ತರಿಸಬಹುದು," ಎಂದರು. "ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಗೋಡೆ ಬಾಗಿದೆ ಎಂದು ನೀನು ಬರೆದಿದ್ದರೆ, ಯಾಕೆ ಬಾಗಿದೆ ಎಂದು ನಾನು ಜನವರಿಯಲ್ಲೇ ಕೇಳುತ್ತಿದ್ದೆ. ಆ ಪ್ರಶ್ನೆಯನ್ನೇ ನೀನು ಅಳಿಸಿಬಿಟ್ಟೆ. ಇಷ್ಟು ಚಂದದ ಗಾರೆ ಮಾಡಿದವರಿಗೆ ಒಂದು ಹಗ್ಗ ಹಿಡಿದು ನೇರ ಗೋಡೆ ಕಟ್ಟಲು ಬರುತ್ತಿರಲಿಲ್ಲವೇ?"

ನನ್ನ ಅಜ್ಜಿಯ ವಯಸ್ಸಿನ ಗೋಡೆ ಅಲ್ಲ ಅದು. ಸಾವಿರದ ಮುನ್ನೂರು ವರ್ಷದ್ದು. ಅದನ್ನು ನಾನು ತಿದ್ದಿದ್ದೆ.

ಇಸ್ಮಾಯಿಲ್ ಭಾಯ್‌ಗೂ ಹೇಳಿದೆ, ಮ್ಯಾನೇಜರ್ ಹೇಳಿದ್ದನ್ನೂ ಸೇರಿಸಿ. ಅವರು ಕೈಯ ಸುಣ್ಣ ಒರೆಸಿಕೊಳ್ಳುತ್ತ, "ಆಯ್ತಲ್ಲ, ಹೇಳಿದ್ರಲ್ಲ. ಈಗ ಊಟ ಮಾಡಿ ಬನ್ನಿ, ಬೆಳಿಗ್ಗೆಯಿಂದ ಎಂತ ತಿನ್ಲಿಲ್ಲ ನೀವು," ಎಂದರು. ಯಂತ್ರವನ್ನು ಮರುದಿನವೇ ವಾಪಸು ಕಳಿಸಿದೆವು. ಆ ಸಂಜೆ ನಾನು ಆಫೀಸಿಗೆ ಬರೆದೆ: ತಪ್ಪು ನನ್ನದು, ಬೇರೆ ಯಾರದೂ ಅಲ್ಲ. ಎರಡು ದಿನದಲ್ಲಿ ಉತ್ತರ ಬಂತು. ಈ ಕೆಲಸ ಮುಗಿಸಿಕೊಡಬೇಕು, ಮಾರ್ಚ್ ನಂತರ ನನ್ನ ಅಗತ್ಯವಿಲ್ಲ.

ಉಳಿದ ವಾರಗಳಲ್ಲಿ ನಾನು ಇಡೀ ಚರ್ಚನ್ನು ಮತ್ತೆ ಅಳೆದೆ, ಈ ಸಲ ಒಂದೊಂದು ಕಲ್ಲನ್ನೂ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ಕೆಲಸ ಮಾಡಿದ್ದು ನೆನಪಿಲ್ಲ. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ, ಕಲಿಯಲು ಬೇಕಾದಷ್ಟಿತ್ತು. ಶುಕ್ರವಾರ ಅಬುಧಾಬಿಯಲ್ಲಿ ಚರ್ಚಿನ ಪೂಜೆಗೆ ಹೋದರೆ ಅಲ್ಲೂ ಕಣ್ಣು ಗೋಡೆಯ ಮೂಲೆಗಳನ್ನೇ ಹುಡುಕುತ್ತಿತ್ತು. ರಿಯಾ, "ಮಮ್ಮಾ, ಡೋಂಟ್ ಲುಕ್ ಬ್ಯಾಕ್," ಎಂದು ನನ್ನ ಗಲ್ಲ ಹಿಡಿದು ಮುಂದೆ ತಿರುಗಿಸಿದ್ದಳು.

ಉತ್ತರದ ಗೋಡೆಯ ಹೊರಬದಿಯಲ್ಲಿ, ಅದು ಬಾಗುವ ಕಡೆಯ ಮರಳನ್ನು ಹಿಂದೆ ತೋಡಿದವರು ಹಾಗೇ ಬಿಟ್ಟಿದ್ದರು. ನೋರಾ ಅನುಮತಿ ತರಿಸಿ ಅಲ್ಲಿ ಕೈಯಿಂದ ಸಣ್ಣದಾಗಿ ತೆಗೆಯೋಣ ಎಂದರು. ಕರಣೆ, ಬ್ರಶ್ಶು, ಬಕೆಟ್ಟು. ಮೂರನೆಯ ದಿನ ಇಸ್ಮಾಯಿಲ್ ಭಾಯ್ ಕರಣೆಯ ಸದ್ದು ಬದಲಾಯಿತು. ಅವರು ಕೈ ನಿಲ್ಲಿಸಿ, ಬೆರಳಿನಿಂದ ಮರಳು ಸರಿಸಿದರು. ಬಿಳಿ ಗಾರೆ. ಅಂಗೈ ಅಗಲದ, ನಯವಾಗಿ ತೇಯ್ದ ಕಾಲುವೆಯೊಂದು ಗೋಡೆಯ ಉದ್ದಕ್ಕೂ ಹೋಗುತ್ತಿತ್ತು. ಅದರ ಆಚೆಗೆ ಗಟ್ಟಿ ಬಂಡೆ. ನಾವು ನೆಟ್ಟಿದ್ದ ಒಂದು ಗೂಟದ ರಂಧ್ರ ಕಾಲುವೆಯ ನಡುವಿನ ಮರಳಲ್ಲಿ ಇನ್ನೂ ಕಾಣುತ್ತಿತ್ತು. ಅಂದು ಯಂತ್ರ ಇಳಿದಿದ್ದರೆ ಅದರ ಮೇಲೆಯೇ ಇಳಿಯುತ್ತಿತ್ತು.

ನೋರಾ ಮಂಡಿಯೂರಿ ಕಾಲುವೆಯನ್ನು ಬ್ರಶ್ಶಿನಿಂದ ಉದ್ದಕ್ಕೂ ಗುಡಿಸಿದರು. ಕೊನೆಗೆ ಬಂಡೆಯನ್ನೂ ಕಾಲುವೆಯನ್ನೂ ಗೋಡೆಯನ್ನೂ ಬೆರಳಿನಲ್ಲಿ ತೋರಿಸುತ್ತ ಹೇಳಿದರು: ನೀರಿಗೆ ಇಳಿಜಾರು ಇದ್ದದ್ದು ಇದೊಂದೇ ದಾರಿಯಲ್ಲಿ, ಬಂಡೆ ಸರಿಯುವುದಿಲ್ಲ, ಹಾಗಾಗಿ ಚರ್ಚಿನ ಗೋಡೆ ಸರಿಯಿತು. ಕುಡಿಯುವ ನೀರಿಗೆ ಮಳೆಯನ್ನೇ ಕಾಯುವ ದ್ವೀಪದಲ್ಲಿ ಆ ಮೇಸ್ತ್ರಿ ದೇವರ ಮನೆಯನ್ನು ಒಂದು ಗೇಣು ಚಿಕ್ಕದು ಮಾಡಿದ್ದ.

"ನಮ್ಮಪ್ಪ ಇದನ್ನು ನೋಡಬೇಕಿತ್ತು," ಎಂದರು ನೋರಾ. ಎದ್ದು ಆಚೆ ಹೋಗಿ ಮೂಗು ಒರೆಸಿಕೊಂಡು ಬಂದರು.

ಕೊನೆಯ ವಾರ, ಮಂಗಳವಾರ ಮಧ್ಯಾಹ್ನ, ಸಮುದ್ರದ ಕಡೆಯಿಂದ ಆಕಾಶ ಕಪ್ಪಾಯಿತು. ಇಲ್ಲಿಯ ಮಳೆ ಹೇಳಿ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆಗಳನ್ನು ಹೊತ್ತು ಎಲ್ಲರೂ ಓಡಿದೆವು. ಮೊದಲು ದ್ರಾಕ್ಷಿ ಬಳ್ಳಿಯ ಗಾರೆ, ಆಮೇಲೆ ಬಲಿಪೀಠದ ಮೆಟ್ಟಿಲು, ಆಮೇಲೆ ಕೋಣೆಗಳು. ಗಾಳಿ ಹಾಳೆಯನ್ನು ಕಿತ್ತುಕೊಂಡು ಹೋಗುತ್ತಿತ್ತು. ಇಸ್ಮಾಯಿಲ್ ಭಾಯ್ ಅದರ ಮೇಲೆ ಮಲಗಿಯೇ ಬಿಟ್ಟರು, ನಾನು ನಾಲ್ಕು ಮೂಲೆಗೂ ಮರಳು ಚೀಲ ಇಟ್ಟೆ. ಹನಿಗಳು ಕಲ್ಲು ಹೊಡೆದ ಹಾಗೆ ಬೀಳತೊಡಗಿದವು. ಉತ್ತರದ ಬದಿಗೆ ಹೋಗುವಷ್ಟರಲ್ಲಿ ಹಾಳೆ ಮುಗಿದಿತ್ತು.

"ಕಾಲುವೆ!" ಎಂದು ನೋರಾ ಕೂಗಿದರು. ಮೂವರೂ ಆ ಕಡೆ ಓಡಿ, ಅಂಚಿನಲ್ಲಿ ನಿಂತುಬಿಟ್ಟೆವು.

ಬಂಡೆಯಿಂದ ಇಳಿದ ನೀರು, ಗೋಡೆಯ ಬುಡದಿಂದ ಜಾರಿದ ನೀರು, ಎಲ್ಲ ಸೇರಿ ಕಾಲುವೆಯೊಳಗೆ ಹೊರಟಿತ್ತು. ಮೊದಲು ತೆಳ್ಳಗೆ, ಕಸ ತಳ್ಳುತ್ತ. ಆಮೇಲೆ ಅಂಗೈ ತುಂಬ. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತುಳುಕಲಿಲ್ಲ. ಗೋಡೆ ಬಾಗುವಲ್ಲಿ ತಾನೂ ಬಾಗಿ, ನಾವಿನ್ನೂ ತೋಡದ ಮರಳಿನ ದಿಬ್ಬದ ಬುಡಕ್ಕೆ ಹೋಗಿ, ಅಲ್ಲಿ ಸದ್ದಿಲ್ಲದೆ ಒಳಗೆ ಇಳಿದುಹೋಗುತ್ತಿತ್ತು. ಅದರ ಕೆಳಗೆ ಏನೋ ಇದೆ, ನೀರು ತುಂಬಿಡುವ ತೊಟ್ಟಿಯೇ ಇರಬೇಕು. ನೋರಾ ಮೈಯೆಲ್ಲ ತೊಯ್ದು, ಕನ್ನಡಕದಲ್ಲಿ ಏನೂ ಕಾಣದೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಇಸ್ಮಾಯಿಲ್ ಭಾಯ್ ಕಾಲುವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನೀರಿಗೆ ಬೆರಳು ಅದ್ದಿ, ಅದು ಎತ್ತ ತಳ್ಳುತ್ತದೆಂದು ನೋಡಿದರು. ತಲೆಗೆ ಸುತ್ತಿದ ಬಟ್ಟೆ ಆ ದಿನ ಕೆಸರಾಗಿತ್ತು.

"ಕೆಲಸ ಮಾಡ್ತಾ ಉಂಟು ತಂಗಿ," ಎಂದರು, ಸ್ವಂತ ಅಣ್ಣನೋ ತಮ್ಮನೋ ಕಟ್ಟಿದ್ದರ ಬಗ್ಗೆ ಹೇಳುವ ಹೆಮ್ಮೆಯಲ್ಲಿ. "ಇನ್ನೂ ಕೆಲಸ ಮಾಡ್ತಾ ಉಂಟು."

ನಾನು ಜೇಬಿನಿಂದ ಪುಸ್ತಕ ತೆಗೆದು, ತೊಯ್ಯದ ಹಾಗೆ ಮೈಯನ್ನು ಅಡ್ಡ ಹಿಡಿದು, ನೀರು ಹೋದ ಹಾದಿಯ ಗೆರೆ ಎಳೆದುಕೊಂಡೆ. ಅದು ಬಾಗಿದಲ್ಲಿ ನನ್ನ ಗೆರೆಯನ್ನೂ ಬಾಗಿಸಿದೆ.